ಗೆರೆಯಿಂದ ಗೋಡೆಗೆ: ಹೊಸ ತಂತ್ರಾಂಶಕ್ಕೆ ಹೊರಳುವ ವಾಸ್ತುಶಿಲ್ಪಿಗೆ ಬೇಕಾದ ಪಾಠ

ವಾಸ್ತುಶಿಲ್ಪದ ಕಚೇರಿಯೊಂದು ತನ್ನ ವಿನ್ಯಾಸದ ತಂತ್ರಾಂಶವನ್ನು ಬದಲಿಸಲು ಹೊರಟಾಗ ಅದರ ಬೆಲೆ, ಪರವಾನಗಿಯ ಅವಧಿ, ಅದು ಬೇಡುವ ಕಂಪ್ಯೂಟರಿನ ಸಾಮರ್ಥ್ಯ ಇವುಗಳ ಬಗ್ಗೆ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಅದನ್ನು ಯಾವ ಪುಸ್ತಕದಿಂದ, ಯಾವ ವಿಡಿಯೊ ಸರಣಿಯಿಂದ, ಯಾವ ತರಗತಿಯಿಂದ ಕಲಿಯಬೇಕು ಎಂಬ ಪ್ರಶ್ನೆ ಮಾತ್ರ ಕೊನೆಗೆ ಉಳಿಯುತ್ತದೆ ಮತ್ತು ಹೆಚ್ಚಿನ ವೇಳೆ ಮೊದಲು ಕೈಗೆ ಸಿಕ್ಕಿದ್ದನ್ನೇ ಹಿಡಿದು ಕೂರುವುದರಲ್ಲಿ ಮುಗಿಯುತ್ತದೆ. ಹಾಗೆ ಹಿಡಿದ ಪಾಠಗಳಲ್ಲಿ ಬಹುಪಾಲು ಏನೂ ತಿಳಿಯದವರಿಗಾಗಿ ಸಿದ್ಧವಾದವು. ಆದರೆ ಹತ್ತು ಹದಿನೈದು ವರ್ಷ ಆಟೊಕ್ಯಾಡ್‌ನಲ್ಲಿ ನಕ್ಷೆ ಬರೆದ ಡ್ರಾಫ್ಟ್ಸ್‌ಮನ್ ಅಥವಾ ವಾಸ್ತುಶಿಲ್ಪಿ ಏನೂ ತಿಳಿಯದವರ ಸಾಲಿಗೆ ಸೇರುವುದಿಲ್ಲ. ಅವರಿಗೆ ಕಟ್ಟಡ ತಿಳಿದಿದೆ, ನಕ್ಷೆ ತಿಳಿದಿದೆ, ಬೆರಳುಗಳಿಗೆ ಹಳೆಯ ತಂತ್ರಾಂಶದ ಪ್ರತಿಯೊಂದು ಆದೇಶವೂ ತಿಳಿದಿದೆ, ಮತ್ತು ಹೊಸದನ್ನು ಕಲಿಯುವ ದಾರಿಯಲ್ಲಿ ಅವರಿಗೆ ಅಡ್ಡ ಬರುವುದು ಬಹುತೇಕ ಈ ತಿಳಿವಳಿಕೆಯೇ ಆಗಿರುತ್ತದೆ. ಆದ್ದರಿಂದ ತರಬೇತಿಯ ಸಾಮಗ್ರಿಯನ್ನು ಆರಿಸುವಾಗ ಅದು ಹೊಸ ತಂತ್ರಾಂಶವನ್ನು ಎಷ್ಟು ಪೂರ್ಣವಾಗಿ ವಿವರಿಸುತ್ತದೆ ಎಂಬುದಕ್ಕಿಂತ, ಕಲಿಯುವವನ ಹಳೆಯ ಅಭ್ಯಾಸವನ್ನು ಎಲ್ಲಿ ಎದುರುಗೊಂಡು ಹೇಗೆ ತಿದ್ದುತ್ತದೆ ಎಂಬುದನ್ನು ಮೊದಲು ನೋಡಬೇಕಾಗುತ್ತದೆ.

ಹಳೆಯದಕ್ಕೂ ಹೊಸದಕ್ಕೂ ನಡುವಿನ ದೂರ ಎಲ್ಲ ಬದಲಾವಣೆಗಳಲ್ಲಿ ಒಂದೇ ಆಗಿರುವುದಿಲ್ಲ. ಆಟೊಕ್ಯಾಡ್ ಬಿಟ್ಟು ಬ್ರಿಕ್ಸ್‌ಕ್ಯಾಡ್ ಅಥವಾ ಝಡ್‌ಡಬ್ಲ್ಯೂಕ್ಯಾಡ್‌ಗೆ ಹೋಗುವ ಕಚೇರಿ ಅದೇ ಡಿಡಬ್ಲ್ಯೂಜಿ ಕಡತಗಳನ್ನು, ಬಹುಮಟ್ಟಿಗೆ ಅದೇ ಆದೇಶಗಳನ್ನು ಬಳಸುತ್ತದೆ. ಅಲ್ಲಿ ವ್ಯತ್ಯಾಸಗಳನ್ನು ತಿಳಿಸುವ ನಾಲ್ಕಾರು ಪುಟಗಳ ಟಿಪ್ಪಣಿ ಸಾಕು, ದೊಡ್ಡ ತರಬೇತಿಗೆ ಹಣ ಸುರಿಯುವುದು ವ್ಯರ್ಥ. ನಿಜವಾದ ಕಷ್ಟ ಎದುರಾಗುವುದು ಗೆರೆಗಳ ತಂತ್ರಾಂಶದಿಂದ ಕಟ್ಟಡ ಮಾಹಿತಿ ಮಾದರಿಯ ತಂತ್ರಾಂಶಕ್ಕೆ, ಅಂದರೆ ಕಚೇರಿಗಳಲ್ಲಿ ‘ಬಿಮ್’ ಎಂದು ಕರೆಯಲಾಗುವ ಪದ್ಧತಿಗೆ ಹೊರಳುವಾಗ.

1982ರ ಕೊನೆಯಲ್ಲಿ ಅಮೆರಿಕದಲ್ಲಿ ಆಟೊಕ್ಯಾಡ್ ಮಾರುಕಟ್ಟೆಗೆ ಬಂದ ಮೇಲೆ ಡ್ರಾಯಿಂಗ್ ಬೋರ್ಡ್, ಟಿ-ಸ್ಕ್ವೇರ್, ಟ್ರೇಸಿಂಗ್ ಪೇಪರುಗಳ ಕೆಲಸ ಕ್ರಮೇಣ ಪರದೆಗೆ ಬಂತು. ಆದರೆ ಆ ಬದಲಾವಣೆಯಲ್ಲಿ ಕೆಲಸದ ಸ್ವಭಾವ ಹೆಚ್ಚು ಬದಲಾಗಲಿಲ್ಲ. ಹಾಳೆಯ ಮೇಲೆ ಪೆನ್ನಿನಿಂದ ಎಳೆಯುತ್ತಿದ್ದ ಗೆರೆಯನ್ನು ಮೌಸ್‌ನಿಂದ ಎಳೆಯಲಾಯಿತು, ಒಂದರ ಮೇಲೊಂದು ಹಾಸುತ್ತಿದ್ದ ಟ್ರೇಸಿಂಗ್ ಹಾಳೆಗಳು ‘ಲೇಯರ್’ ಎಂಬ ಹೆಸರಿನ ಪದರಗಳಾದವು, ಮತ್ತು ಪ್ಲಾನಿನಲ್ಲಿ ಕಿಟಕಿಯನ್ನು ಸರಿಸಿದವನು ಸೆಕ್ಷನ್‌ನಲ್ಲೂ, ಅಂದರೆ ಕಟ್ಟಡವನ್ನು ನೆಟ್ಟಗೆ ಸೀಳಿ ನೋಡಿದಾಗ ಕಾಣುವ ನೋಟದಲ್ಲೂ, ಎಲಿವೇಷನ್‌ನಲ್ಲೂ, ಅಂದರೆ ಹೊರಮುಖದ ನೋಟದಲ್ಲೂ ಅದನ್ನು ತಾನೇ ನೆನಪಿಟ್ಟು ಸರಿಸುವ ಹೊಣೆ ಹಾಗೆಯೇ ಉಳಿಯಿತು. ಈ ಹೊಣೆಯನ್ನು ಯಂತ್ರಕ್ಕೆ ವಹಿಸಬಹುದು ಎಂಬ ವಿಚಾರವನ್ನು ಚಾರ್ಲ್ಸ್ ಈಸ್ಟ್‌ಮನ್ 1975ರಷ್ಟು ಹಿಂದೆಯೇ ಮಂಡಿಸಿದ್ದರು. ಕಟ್ಟಡವನ್ನು ಚಿತ್ರಗಳ ಗುಂಪಾಗಿ ಇಡುವ ಬದಲು ಒಂದೇ ವಿವರಣೆಯಾಗಿ ಕಂಪ್ಯೂಟರಿನಲ್ಲಿ ಇಟ್ಟರೆ ಪ್ಲಾನು, ಸೆಕ್ಷನ್ನು, ಪರಿಮಾಣದ ಲೆಕ್ಕ ಎಲ್ಲವನ್ನೂ ಅದರಿಂದಲೇ ಪಡೆಯಬಹುದು ಎಂಬುದು ಅವರ ವಾದದ ತಿರುಳು. ಹಂಗೆರಿಯ ಬುಡಾಪೆಸ್ಟ್‌ನಲ್ಲಿ 1982ರಲ್ಲಿ ಗಾಬೋರ್ ಬೊಯಾರ್ ಕಟ್ಟಿದ ಗ್ರಾಫಿಸಾಫ್ಟ್ ಸಂಸ್ಥೆ ಆ ದಶಕದಲ್ಲೇ ಆರ್ಕಿಕ್ಯಾಡ್ ಮೂಲಕ ಈ ದಾರಿ ಹಿಡಿಯಿತು. 1997ರಲ್ಲಿ ಅಮೆರಿಕದಲ್ಲಿ ಲಿಯೊನಿಡ್ ರೇಜ್ ಮತ್ತು ಅರ್ವಿನ್ ಜಂಗ್ರೈಸ್ ಆರಂಭಿಸಿದ ಸಂಸ್ಥೆಯಿಂದ 2000ದಲ್ಲಿ ರೆವಿಟ್ ಹೊರಬಂತು. 2002ರಲ್ಲಿ, ಆಟೊಕ್ಯಾಡ್ ತಯಾರಿಸುವ ಆಟೊಡೆಸ್ಕ್ ಆ ಸಂಸ್ಥೆಯನ್ನು ಕೊಂಡಿತು. ಹೀಗಾಗಿ ಗೆರೆಯ ತಂತ್ರಾಂಶವೂ ಮಾದರಿಯ ತಂತ್ರಾಂಶವೂ ಒಂದೇ ಮಾರಾಟಗಾರನ ಅಂಗಡಿಗೆ ಸೇರಿದವು, ಮತ್ತು ಒಂದು ಇನ್ನೊಂದರ ಮುಂದುವರಿದ ರೂಪ ಎಂಬ ತಪ್ಪು ಕಲ್ಪನೆಗೆ ಅದು ದಾರಿ ಮಾಡಿತು. ಅವೆರಡೂ ಬೇರೆ ಬೇರೆ ಬಗೆಯ ಯೋಚನೆಗಳು. ಪಾಠದ ಸಾಮಗ್ರಿ ಇದನ್ನು ಮೊದಲ ಅಧ್ಯಾಯದಲ್ಲೇ ಹೇಳದಿದ್ದರೆ ಮುಂದಿನ ಅಧ್ಯಾಯಗಳೆಲ್ಲ ಗುಂಡಿಗಳ ಪರಿಚಯವಾಗಿ ಉಳಿದುಬಿಡುತ್ತವೆ.

ಒಂಬತ್ತು ಇಂಚಿನ ಗೋಡೆ

ಈ ವ್ಯತ್ಯಾಸವನ್ನು ಒಂದು ಗೋಡೆಯಲ್ಲೇ ನೋಡಬಹುದು. ಆಟೊಕ್ಯಾಡ್‌ನಲ್ಲಿ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಎಂದರೆ ಒಂಬತ್ತು ಇಂಚು ಅಂತರದ ಎರಡು ಗೆರೆಗಳು. ಆ ಗೆರೆಗಳಿಗೆ ತಾವು ಗೋಡೆ ಎಂಬುದು ತಿಳಿದಿರುವುದಿಲ್ಲ, ಅದನ್ನು ತಿಳಿಯುವವನು ನಕ್ಷೆ ಓದುವ ಮೇಸ್ತ್ರಿ. ಪ್ಲಾಸ್ಟರನ್ನು ಯಾರೂ ಬರೆಯುವುದಿಲ್ಲ, ಏಕೆಂದರೆ ಬರೆಯದೆ ಇದ್ದರೂ ಕೆಲಸದ ಜಾಗದಲ್ಲಿ ಎಲ್ಲರಿಗೂ ಅದು ಗೊತ್ತು. ಬಿಮ್ ತಂತ್ರಾಂಶದಲ್ಲಿ ಗೋಡೆ ಒಂದು ವಸ್ತು: ಹೊರಗೆ 20 ಮಿಲಿಮೀಟರ್ ಪ್ಲಾಸ್ಟರ್, ನಡುವೆ 230 ಮಿಲಿಮೀಟರ್ ಇಟ್ಟಿಗೆ, ಒಳಗೆ 12 ಮಿಲಿಮೀಟರ್ ಪ್ಲಾಸ್ಟರ್, ಒಟ್ಟು 262 ಮಿಲಿಮೀಟರ್ ದಪ್ಪ, ಕೆಳಗೆ ಒಂದು ಮಟ್ಟ, ಮೇಲೆ ಒಂದು ಮಟ್ಟ, ಆ ಎರಡರ ನಡುವೆ ಎತ್ತರ. ಇಂಥ ಗೋಡೆಯನ್ನು ಎಳೆಯುವಾಗ ಅದರ ಯಾವ ಗೆರೆಯನ್ನು ಹಿಡಿದು ಎಳೆಯಬೇಕು ಎಂದು ರೆವಿಟ್ ಕೇಳುತ್ತದೆ ಮತ್ತು ಆರು ಆಯ್ಕೆಗಳನ್ನು ಕೊಡುತ್ತದೆ: ಇಡೀ ಗೋಡೆಯ ನಡುಗೆರೆ, ಇಟ್ಟಿಗೆಯ ನಡುಗೆರೆ, ಹೊರಪ್ಲಾಸ್ಟರಿನ ಮುಖ, ಒಳಪ್ಲಾಸ್ಟರಿನ ಮುಖ, ಇಟ್ಟಿಗೆಯ ಹೊರಮುಖ, ಇಟ್ಟಿಗೆಯ ಒಳಮುಖ. ಹೊಸಬರಿಗೆ ಬರೆದ ಪಾಠಗಳಲ್ಲಿ ಹಲವು ಈ ಪಟ್ಟಿಯನ್ನು ಮುಟ್ಟದೆ, ಮೊದಲೇ ಆಯ್ಕೆಯಾಗಿರುವ ನಡುಗೆರೆಯನ್ನೇ ಹಿಡಿದು ಮುಂದೆ ಸಾಗುತ್ತವೆ.

ಅದರ ಪರಿಣಾಮ ಏನೆಂಬುದು ಕಂಬಗಳು ಬಂದಾಗ ಗೊತ್ತಾಗುತ್ತದೆ. ಒಳಗಿನ ಪ್ಲಾಸ್ಟರಿಗಿಂತ ಹೊರಗಿನದು 8 ಮಿಲಿಮೀಟರ್ ದಪ್ಪವಾಗಿರುವುದರಿಂದ ಇಡೀ ಗೋಡೆಯ ನಡುಗೆರೆಗೂ ಇಟ್ಟಿಗೆಯ ನಡುಗೆರೆಗೂ 4 ಮಿಲಿಮೀಟರ್ ಅಂತರವಿರುತ್ತದೆ. ಸ್ಟ್ರಕ್ಚರಲ್ ಎಂಜಿನಿಯರ್ ಕೊಟ್ಟ ಗ್ರಿಡ್ಡಿನ ಮೇಲೆ ನಿಂತ 230 ಮಿಲಿಮೀಟರಿನ ಕಂಬವೂ ಅದೇ ಗ್ರಿಡ್ ಹಿಡಿದು ಎಳೆದ ಗೋಡೆಯ ಇಟ್ಟಿಗೆಯೂ ಒಂದೇ ಮುಖಕ್ಕೆ ಬರದೆ 4 ಮಿಲಿಮೀಟರಿನ ಸಣ್ಣ ಮೆಟ್ಟಿಲು ಮನೆಯ ಪ್ರತಿ ಮೂಲೆಯಲ್ಲೂ ಕಾಣಿಸಿಕೊಳ್ಳುತ್ತದೆ. ಇದರ ಜೊತೆಗೆ, ಇಟ್ಟಿಗೆಯಿಂದ ಇಟ್ಟಿಗೆಗೆ ಹತ್ತು ಅಡಿ ಇರಬೇಕಾದ ಕೋಣೆ ಪ್ಲಾಸ್ಟರಿನ ಮುಖದಿಂದ ಅಳೆದಾಗ 24 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ಇಂಚು, ಕಿರಿದಾಗಿ ಕಾಣುತ್ತದೆ. ಹದಿನೈದು ವರ್ಷದ ಅನುಭವದಲ್ಲಿ ಎಂದೂ ಇಂಥದ್ದನ್ನು ಕಾಣದಿದ್ದ ಡ್ರಾಫ್ಟ್ಸ್‌ಮನ್ ಆ ಕ್ಷಣದಲ್ಲಿ ತಂತ್ರಾಂಶ ತಪ್ಪು ಅಳತೆ ಕೊಡುತ್ತಿದೆ ಎಂದು ನಂಬುವುದು ಸಹಜ. ಅಳತೆ ಸರಿಯಾಗಿಯೇ ಇರುತ್ತದೆ. ಹಳೆಯ ನಕ್ಷೆ ಬಾಯಿಮಾತಿಗೆ ಬಿಟ್ಟಿದ್ದ ಪ್ಲಾಸ್ಟರನ್ನು ಹೊಸ ಮಾದರಿ ಲೆಕ್ಕಕ್ಕೆ ತೆಗೆದುಕೊಂಡಿದೆ, ಅಷ್ಟೆ. ಈ ಒಂದು ಅಂಶವನ್ನು ಚೆನ್ನಾಗಿ ವಿವರಿಸುವ ಮೂರು ಪುಟಗಳ ಪಾಠ, ನೂರು ಆದೇಶಗಳನ್ನು ವರ್ಣಿಸುವ ಐನೂರು ಪುಟಗಳ ಪುಸ್ತಕಕ್ಕಿಂತ ಬದಲಾವಣೆಯ ಹಾದಿಯಲ್ಲಿರುವವನಿಗೆ ಹೆಚ್ಚು ಬೆಲೆಯುಳ್ಳದ್ದು.

ಆದೇಶಗಳ ಮಟ್ಟದಲ್ಲೂ ಇಂಥ ಎಡವುವ ಜಾಗಗಳಿವೆ. ಆಟೊಕ್ಯಾಡ್‌ನಲ್ಲಿ ‘ಟಿ-ಆರ್’ ಒತ್ತಿದರೆ ಟ್ರಿಮ್, ಅಂದರೆ ಹೆಚ್ಚಾದ ಗೆರೆಯನ್ನು ಕತ್ತರಿಸುವ ಆದೇಶ. ಅಲ್ಲಿ ಬೇಡವಾದ ತುಂಡಿನ ಮೇಲೆ ಕ್ಲಿಕ್ ಮಾಡಬೇಕು. ರೆವಿಟ್‌ನಲ್ಲೂ ‘ಟಿ-ಆರ್’ ಟ್ರಿಮ್‌ಗೆ ಸಂಬಂಧಿಸಿದ್ದೇ, ಆದರೆ ಅಲ್ಲಿ ಕ್ಲಿಕ್ ಮಾಡಬೇಕಾದುದು ಉಳಿಯಬೇಕಾದ ಭಾಗದ ಮೇಲೆ. ಅಕ್ಷರಗಳು ಅವೇ, ಬೆರಳು ಚಲಿಸುವ ರೀತಿ ಅದೇ, ಫಲಿತಾಂಶ ಮಾತ್ರ ತಿರುಗುಮುರುಗು. ಏನೂ ಗೊತ್ತಿಲ್ಲದ ವಿದ್ಯಾರ್ಥಿಗೆ ಇದು ಸಮಸ್ಯೆಯೇ ಅಲ್ಲ. ಹಳಬನಿಗೆ ವಾರಗಟ್ಟಲೆ ಕಾಡುವ ಸಮಸ್ಯೆ.

ಆಲಿಕೆಯಿಂದ ಸುರಿಯಲಾಗದ ವಿದ್ಯೆ

ಹಳೆಯ ತಿಳಿವಳಿಕೆ ಹೊಸ ಕಲಿಕೆಯನ್ನು ಹೇಗೆ ತಡೆಯುತ್ತದೆ ಎಂಬುದನ್ನು ಕಂಪ್ಯೂಟರ್ ಬಳಕೆಯ ವಿಷಯದಲ್ಲಿ ಮೊದಲು ಆಳವಾಗಿ ಅಭ್ಯಾಸ ಮಾಡಿದವರಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯ ಸಂಶೋಧನಾ ಕೇಂದ್ರದಲ್ಲಿದ್ದ ಜಾನ್ ಕ್ಯಾರಲ್ ಪ್ರಮುಖರು. 1980ರ ದಶಕದಲ್ಲಿ ಟೈಪ್‌ರೈಟರ್ ಬಿಟ್ಟು ವರ್ಡ್ ಪ್ರೊಸೆಸರ್ ಕಲಿಯುತ್ತಿದ್ದ ಕಚೇರಿ ನೌಕರರನ್ನು ಅವರೂ ಅವರ ಸಹೋದ್ಯೋಗಿಗಳೂ ಪಕ್ಕದಲ್ಲಿ ಕುಳಿತು ಗಮನಿಸಿದಾಗ, ಕ್ರಮಬದ್ಧವಾಗಿ ಬರೆದ ದಪ್ಪ ಕೈಪಿಡಿಗಳನ್ನು ಕಲಿಯುವವರು ಕ್ರಮವಾಗಿ ಓದುವುದೇ ಇಲ್ಲವೆಂಬುದು ಕಂಡುಬಂತು. ಅವರು ಪುಟ ಹಾರಿಸುತ್ತಿದ್ದರು, ತಮ್ಮ ಕೈಯಲ್ಲಿದ್ದ ಪತ್ರವನ್ನು ಮುಗಿಸಲು ಆತುರಪಡುತ್ತಿದ್ದರು, ಟೈಪ್‌ರೈಟರಿನ ಅನುಭವದಿಂದ ಊಹಿಸಿ ಕೀಲಿ ಒತ್ತಿ ತಪ್ಪಿನಲ್ಲಿ ಸಿಲುಕುತ್ತಿದ್ದರು, ಸಿಲುಕಿದಾಗ ಹೊರಬರುವ ದಾರಿ ಕೈಪಿಡಿಯಲ್ಲಿ ಇರುತ್ತಿರಲಿಲ್ಲ. ಮೇರಿ ಬೆತ್ ರಾಸನ್ ಅವರೊಡನೆ 1987ರಲ್ಲಿ ಬರೆದ ಪ್ರಬಂಧದಲ್ಲಿ ಕ್ಯಾರಲ್ ಈ ಸ್ಥಿತಿಯ ಎರಡು ಮುಖಗಳನ್ನು ಗುರುತಿಸಿದರು. ಕೆಲಸ ಮುಗಿಸುವ ತವಕ ಕಲಿಯಲು ಸಮಯ ಕೊಡುವುದಿಲ್ಲ ಎಂಬುದು ಒಂದು. ಹೊಸದನ್ನು ಹಳೆಯದರ ಅಚ್ಚಿನಲ್ಲೇ ಅರ್ಥಮಾಡಿಕೊಳ್ಳುವುದರಿಂದ ಹೊಸದರ ಹೊಸತನವೇ ಕಾಣದೆ ಹೋಗುತ್ತದೆ ಎಂಬುದು ಇನ್ನೊಂದು.

ಇದಕ್ಕೆ ಅವರು ಕಂಡುಕೊಂಡ ಉತ್ತರ ‘ಕನಿಷ್ಠ ಕೈಪಿಡಿ’. ಪೀಠಿಕೆ, ವಿವರಣೆ, ಪುನರಾವರ್ತನೆಗಳನ್ನು ಕತ್ತರಿಸಿ, ಮೊದಲ ಪುಟದಿಂದಲೇ ನಿಜವಾದ ಕೆಲಸ ಕೊಟ್ಟು, ಎಲ್ಲಿ ತಪ್ಪಾಗುವ ಸಂಭವವಿದೆಯೋ ಅಲ್ಲೇ ಅದನ್ನು ಗುರುತಿಸುವ ಮತ್ತು ಸರಿಪಡಿಸುವ ಬಗೆಯನ್ನು ಬರೆಯುವುದು ಅದರ ಕ್ರಮ. ಪರೀಕ್ಷೆಯಲ್ಲಿ ಕಲಿಯುವವರು ಈ ತೆಳು ಕೈಪಿಡಿಯಿಂದ ಗಮನಾರ್ಹವಾಗಿ ಕಡಿಮೆ ಸಮಯದಲ್ಲಿ ಹೆಚ್ಚು ಕಲಿತರು. 1990ರಲ್ಲಿ ಪ್ರಕಟವಾದ ತಮ್ಮ ಪುಸ್ತಕಕ್ಕೆ ಕ್ಯಾರಲ್ ‘ನ್ಯೂರೆಂಬರ್ಗ್ ಆಲಿಕೆ’ ಎಂಬ ಅರ್ಥದ ಹೆಸರಿಟ್ಟರು. ಶಿಷ್ಯನ ತಲೆಗೆ ಆಲಿಕೆ ಇಟ್ಟು ವಿದ್ಯೆಯನ್ನು ಎಣ್ಣೆಯಂತೆ ಸುರಿಯಬಹುದು ಎಂಬ ಹಳೆಯ ಜರ್ಮನ್ ಕಲ್ಪನೆಯ ನೆನಪು ಅದು. ಅಂಥ ಆಲಿಕೆ ಇಲ್ಲವೆಂಬುದೇ ಪುಸ್ತಕದ ಪ್ರತಿಪಾದನೆ.

ಈ ಅಧ್ಯಯನಗಳಿಂದ ವಾಸ್ತುಶಿಲ್ಪದ ಕಚೇರಿಗೆ ದೊರೆಯುವ ಒರೆಗಲ್ಲು ತುಂಬ ಸರಳವಾದದ್ದು: ಕೈಗೆ ಬಂದ ಪುಸ್ತಕವನ್ನೋ ವಿಡಿಯೊ ಸರಣಿಯನ್ನೋ ತೆರೆದು, ಅದರಲ್ಲಿ ತಪ್ಪುಗಳಿಗೆ ಎಷ್ಟು ಜಾಗ ಕೊಡಲಾಗಿದೆ ಎಂದು ನೋಡುವುದು. ಗೋಡೆಗಳು ಒಂದಕ್ಕೊಂದು ಕೂಡದಿದ್ದರೆ ಏನು ಮಾಡಬೇಕು, ಇಟ್ಟ ಕಿಟಕಿ ಪ್ಲಾನಿನಲ್ಲಿ ಕಾಣದೆ ಹೋದರೆ ಎಲ್ಲಿ ಹುಡುಕಬೇಕು, ಬಲಮೂಲೆಯಲ್ಲಿ ಏಳುವ ಎಚ್ಚರಿಕೆಯ ಸಂದೇಶಗಳಲ್ಲಿ ಯಾವುದನ್ನು ಕೂಡಲೇ ಗಮನಿಸಬೇಕು, ಯಾವುದನ್ನು ಸಂಜೆಯವರೆಗೆ ಬಿಡಬಹುದು ಎಂಬ ವಿಷಯಗಳು ಪಾಠದ ನಡುನಡುವೆ ಬರುತ್ತಿದ್ದರೆ ಆ ಸಾಮಗ್ರಿಯನ್ನು ಬರೆದವರು ನಿಜವಾದ ಕೆಲಸ ಮಾಡಿದ್ದಾರೆ ಎಂದು ನಂಬಬಹುದು. ಶಿಕ್ಷಕನ ಕೈಯಲ್ಲಿ ಒಂದೂ ತಪ್ಪಾಗದೆ ಇಪ್ಪತ್ತು ನಿಮಿಷದಲ್ಲಿ ಎರಡು ಮಹಡಿಯ ಮನೆ ಎದ್ದು ನಿಲ್ಲುವ ವಿಡಿಯೊ ನೋಡಲು ಚೆಂದ, ಅದರಿಂದ ಕಲಿಕೆ ಮಾತ್ರ ಆಗುವುದಿಲ್ಲ.

ಇನ್ನೊಂದು ಸಂಶೋಧನೆಯ ಎಳೆಯೂ ಇಲ್ಲಿ ಉಪಯುಕ್ತ. ಆಸ್ಟ್ರೇಲಿಯದ ಮನಃಶಾಸ್ತ್ರಜ್ಞ ಜಾನ್ ಸ್ವೆಲ್ಲರ್ ಮತ್ತು ಅವರ ಸಂಗಡಿಗರು, ಬಿಡಿಸಿದ ಲೆಕ್ಕವನ್ನು ಹಂತ ಹಂತವಾಗಿ ತೋರಿಸುವುದು ಆರಂಭದಲ್ಲಿರುವವರಿಗೆ ತುಂಬ ನೆರವಾಗುತ್ತದೆ ಎಂದು 1980ರ ದಶಕದಲ್ಲಿ ತೋರಿಸಿದರು. ಅದೇ ಗುಂಪಿನ ಮುಂದಿನ ಕೆಲಸ, ವಿಷಯ ಬಲ್ಲವರಿಗೆ ಅದೇ ವಿವರಗಳು ನೆರವಾಗುವ ಬದಲು ಹೊರೆಯಾಗುತ್ತವೆ ಎಂಬುದನ್ನು ಕಂಡಿತು. ಅನುಭವಿ ವಾಸ್ತುಶಿಲ್ಪಿ ಈ ಎರಡೂ ಸ್ಥಿತಿಗಳಲ್ಲಿ ಏಕಕಾಲಕ್ಕೆ ಇರುವವನು ಎಂಬುದೇ ಅವನಿಗೆ ಸಾಮಗ್ರಿ ಆರಿಸುವುದರ ತೊಡಕು: ಸೆಕ್ಷನ್ ಎಂದರೇನು, ಲಿಂಟಲ್ ಎಂದರೇನು ಎಂಬ ವಿವರಣೆ ಅವನಿಗೆ ಬೇಸರ ತರಿಸುತ್ತದೆ, ಆದರೆ ಮಟ್ಟಕ್ಕೆ ಗೋಡೆಯನ್ನು ಕಟ್ಟುವುದು ಹೇಗೆ, ‘ಫ್ಯಾಮಿಲಿ’ ಎಂದು ರೆವಿಟ್ ಕರೆಯುವ, ಅಳತೆ ಬದಲಿಸಿ ಮತ್ತೆ ಮತ್ತೆ ಬಳಸಬಹುದಾದ ಬಾಗಿಲು ಕಿಟಕಿಗಳ ಅಚ್ಚುಗಳನ್ನು ತಯಾರಿಸುವುದು ಹೇಗೆ ಎಂಬಲ್ಲಿ ಅವನಿಗೆ ಮಗುವಿನ ಕೈಹಿಡಿದು ನಡೆಸುವಷ್ಟೇ ನೆರವು ಬೇಕು. ಇಂಥವರು ಅಧ್ಯಾಯಗಳನ್ನು ಬಿಡಿಯಾಗಿ ಆರಿಸಿಕೊಳ್ಳಲು ಬಿಡುವ ಸಾಮಗ್ರಿಯನ್ನೇ ಹುಡುಕಬೇಕು. ಮೊದಲ ಪಾಠದಲ್ಲಿ ಮಾಡಿದ ಕಡತವಿಲ್ಲದೆ ಒಂಬತ್ತನೆಯ ಪಾಠ ಆರಂಭಿಸಲಾಗದ ಸರಣಿಗಳು, ಪ್ರತಿ ಪಾಠಕ್ಕೂ ಪ್ರತ್ಯೇಕ ಅಭ್ಯಾಸ ಕಡತ ಕೊಡದಿದ್ದರೆ, ಅವರ ಉಪಯೋಗಕ್ಕೆ ಬರುವುದಿಲ್ಲ.

ತಂತ್ರಾಂಶಗಳ ದಾಖಲೆಗಳ ಬಗ್ಗೆ ಬರೆದಿರುವ ಡ್ಯಾನಿಯೆಲೆ ಪ್ರೊಚಿಡಾ ಅವುಗಳನ್ನು ನಾಲ್ಕು ಬಗೆಯಾಗಿ ಬೇರ್ಪಡಿಸುತ್ತಾರೆ: ಕೈಹಿಡಿದು ನಡೆಸುವ ಪಾಠ, ಗೊತ್ತಾದ ಕೆಲಸವೊಂದನ್ನು ಮಾಡುವ ಬಗೆ ಹೇಳುವ ಮಾರ್ಗದರ್ಶಿ, ನಿಘಂಟಿನಂತೆ ತೆರೆದು ನೋಡುವ ಆಕರ, ಏಕೆ ಹೀಗೆ ಎಂದು ತಿಳಿಸುವ ವಿವರಣೆ. ತರಬೇತಿ ಕೇಂದ್ರಗಳು ಮೊದಲನೆಯದನ್ನು ಧಾರಾಳವಾಗಿ ಮಾರುತ್ತವೆ, ಎರಡನೆಯದು ವಿಡಿಯೊಗಳಲ್ಲಿ ಹೇರಳವಾಗಿದೆ, ಮೂರನೆಯದನ್ನು ತಂತ್ರಾಂಶದ ತಯಾರಕರೇ ಉಚಿತವಾಗಿ ಕೊಡುತ್ತಾರೆ. ಹೊರಳುವವನಿಗೆ ಅತ್ಯಗತ್ಯವಾದ ನಾಲ್ಕನೆಯದೇ ಅಪರೂಪ. ಈಸ್ಟ್‌ಮನ್ ಮತ್ತು ಮೂವರು ಸಹಲೇಖಕರು 2008ರಲ್ಲಿ ಹೊರತಂದ ‘ಬಿಮ್ ಹ್ಯಾಂಡ್‌ಬುಕ್’ ಒಂದು ತಂತ್ರಾಂಶಕ್ಕೆ ಕಟ್ಟುಬೀಳದೆ ಈ ಏಕೆ ಎಂಬುದನ್ನು ಹೇಳುವ ಗ್ರಂಥ. ಕಚೇರಿಯ ಮುಖ್ಯಸ್ಥರು ಅದರ ಆರಂಭದ ಅಧ್ಯಾಯಗಳನ್ನಾದರೂ ಓದಿದರೆ, ಸಿಬ್ಬಂದಿಗೆ ಏನನ್ನು ಕಲಿಸಬೇಕು ಎಂಬುದರ ಬಗ್ಗೆ ಅವರಿಗೇ ಒಂದು ಸ್ಪಷ್ಟತೆ ಬರುತ್ತದೆ.

ಪಾಠದಲ್ಲಿರುವ ಮನೆ ಯಾವ ಊರಿನದು?

ಪಾಠದಲ್ಲಿ ಕಟ್ಟಲಾಗುವ ಮನೆ ಯಾವ ದೇಶದ್ದು ಎಂಬುದನ್ನು ಬಹಳಷ್ಟು ಜನ ಗಮನಿಸುವುದಿಲ್ಲ. ಅಮೆರಿಕದ ಪಾಠಗಳಲ್ಲಿ ಗೋಡೆ ಎಂದರೆ ಮರದ ಕಡ್ಡಿಗಳ ಚೌಕಟ್ಟು, ಅದರ ನಡುವೆ ಶಾಖ ತಡೆಯುವ ಹಾಸು, ಒಳಗೆ ಜಿಪ್ಸಮ್ ಹಲಗೆ. ಮೇಲ್ಛಾವಣಿ ಎಂದರೆ ಇಳಿಜಾರಾದ ಮರದ ಚೌಕಟ್ಟು. ಕರ್ನಾಟಕದ ಪಟ್ಟಣಗಳಲ್ಲಿ ಇಂದು ಏಳುವ ಮನೆ ಕಾಂಕ್ರೀಟಿನ ಕಂಬ, ತೊಲೆ, ಸ್ಲ್ಯಾಬುಗಳ ಚೌಕಟ್ಟು. ನಡುವೆ ಇಟ್ಟಿಗೆ ಅಥವಾ ಸಾಲಿಡ್ ಬ್ಲಾಕಿನ ಗೋಡೆ, ಕಿಟಕಿಯ ಮೇಲೆ ಸಜ್ಜೆ, ಸಮತಟ್ಟಾದ ತಾರಸಿ, ಅದರ ಸುತ್ತ ಪ್ಯಾರಾಪೆಟ್, ಸ್ನಾನದ ಕೋಣೆಯಲ್ಲಿ ತಗ್ಗಿಸಿದ ಸ್ಲ್ಯಾಬು. ಗೋಡೆ ತೊಲೆಯ ಅಡಿಗೆ ನಿಲ್ಲಬೇಕೇ ಅಥವಾ ಮೇಲಿನ ಮಟ್ಟದವರೆಗೆ ಏರಬೇಕೇ ಎಂಬ ಪ್ರಶ್ನೆ ಅಮೆರಿಕದ ಮರದ ಮನೆಯ ಪಾಠದಲ್ಲಿ ಏಳುವುದೇ ಇಲ್ಲ. ಇಲ್ಲಿ ಅದನ್ನು ತಪ್ಪಾಗಿ ಮಾಡಿದರೆ ತೊಲೆಯಿರುವ ಜಾಗದಲ್ಲೂ ಇಟ್ಟಿಗೆ ಇದೆಯೆಂದು ಮಾದರಿ ಲೆಕ್ಕ ಹಾಕಿ, ಮಾಲೀಕನಿಗೆ ಕೊಡುವ ಅಂದಾಜು ಪಟ್ಟಿಯಲ್ಲಿ ಇಟ್ಟಿಗೆಯ ಸಂಖ್ಯೆ ಏರಿಬಿಡುತ್ತದೆ.

ಅಳತೆಯ ಏಕಮಾನವೂ ಹಾಗೆಯೇ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಸೈಟು ಮೂವತ್ತು ನಲವತ್ತು, ಕೋಣೆ ಹತ್ತು ಹನ್ನೆರಡು, ಎಲ್ಲವೂ ಅಡಿ ಇಂಚುಗಳಲ್ಲಿ. ಸ್ಟ್ರಕ್ಚರಲ್ ನಕ್ಷೆ ಮಿಲಿಮೀಟರುಗಳಲ್ಲಿ. ಅಭಿವೃದ್ಧಿ ಪ್ರಾಧಿಕಾರದ ಕಾಗದಗಳಲ್ಲಿ ಮೀಟರು. ಒಂದೇ ಮಾದರಿಯಿಂದ ಈ ಎಲ್ಲ ಏಕಮಾನಗಳಲ್ಲೂ ಅಳತೆ ಹಾಕುವ ವಿಧಾನ ಕಲಿಸದ ಸಾಮಗ್ರಿ ಇಲ್ಲಿನ ಕಚೇರಿಗೆ ಅರ್ಧ ಮಾತ್ರ ಉಪಯುಕ್ತ. ಅದೇ ರೀತಿ, 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಫ್ಲ್ಯಾಟುಗಳ ಕಾರ್ಪೆಟ್ ವಿಸ್ತೀರ್ಣವನ್ನು ಹೊರಗೋಡೆಗಳನ್ನು ಬಿಟ್ಟು, ಒಳಗಿನ ಅಡ್ಡಗೋಡೆಗಳನ್ನು ಸೇರಿಸಿ, ಬಾಲ್ಕನಿಯನ್ನು ಕಳೆದು ಲೆಕ್ಕ ಹಾಕಬೇಕು ಎನ್ನುತ್ತದೆ. ತಂತ್ರಾಂಶದ ಕೋಣೆ ಎಂಬ ಸಾಧನ ತಾನಾಗಿ ಕೊಡುವ ವಿಸ್ತೀರ್ಣಕ್ಕೂ ಈ ವ್ಯಾಖ್ಯೆಗೂ ಹೊಂದಿಕೆಯಾಗುವುದಿಲ್ಲವಾದ್ದರಿಂದ ಅದನ್ನು ಹೊಂದಿಸುವ ಬಗೆಯನ್ನು ಬೇರೆಯಾಗಿಯೇ ಕಲಿಯಬೇಕಾಗುತ್ತದೆ. ಮಂಜೂರಾತಿಯ ನಕ್ಷೆಯನ್ನು ಯಂತ್ರವೇ ಪರಿಶೀಲಿಸುವ ಪದ್ಧತಿ ಇರುವ ಕಡೆ ಗೊತ್ತಾದ ಹೆಸರಿನ ಲೇಯರುಗಳಿರುವ ಡಿಡಬ್ಲ್ಯೂಜಿ ಕಡತವನ್ನೇ ಕೊಡಬೇಕಾಗಿ ಬರುವುದರಿಂದ, ಮಾದರಿಯಿಂದ ಅಂಥ ಕಡತವನ್ನು ಹೊರತೆಗೆಯುವ ಅಧ್ಯಾಯ ಎಷ್ಟು ವಿವರವಾಗಿದೆ ಎಂಬುದನ್ನು ಕೊಳ್ಳುವ ಮೊದಲೇ ನೋಡಬೇಕು. ಹೊಸ ತಂತ್ರಾಂಶಕ್ಕೆ ಹೋದ ಹಲವು ಕಚೇರಿಗಳು ಮಂಜೂರಾತಿಗೆ ಮಾತ್ರ ಹಳೆಯದರಲ್ಲಿ ಮತ್ತೊಮ್ಮೆ ನಕ್ಷೆ ಬರೆಯುವ ದುಪ್ಪಟ್ಟು ದುಡಿಮೆಗೆ ಸಿಲುಕುವುದು ಈ ಒಂದು ಕೊರತೆಯಿಂದಲೇ.

ಆವೃತ್ತಿಯ ವಿಷಯ ಇನ್ನೂ ನೇರವಾದದ್ದು. ರೆವಿಟ್‌ನ ಹೊಸ ಆವೃತ್ತಿಯಲ್ಲಿ ಉಳಿಸಿದ ಕಡತವನ್ನು ಹಳೆಯ ಆವೃತ್ತಿಯಲ್ಲಿ ತೆರೆಯಲು ಬರುವುದಿಲ್ಲ, ಹಳೆಯ ರೂಪಕ್ಕೆ ಇಳಿಸಿ ಉಳಿಸುವ ಸೌಲಭ್ಯವೂ ಇಲ್ಲ; ಪಾಠದ ಅಭ್ಯಾಸ ಕಡತಗಳು ಕಚೇರಿಯಲ್ಲಿರುವ ಆವೃತ್ತಿಗಿಂತ ಹೊಸವಾಗಿದ್ದರೆ ಅವು ಕೆಲಸಕ್ಕೆ ಬಾರವು. ತದ್ವಿರುದ್ಧವಾಗಿ ಪಾಠವೇ ಹಳೆಯದಾಗಿದ್ದರೆ ಕೆಲವು ಸಾಧನಗಳು ಬದಲಾಗಿರುತ್ತವೆ: ನಿವೇಶನದ ನೆಲವನ್ನು ರೂಪಿಸುವ ಸಾಧನವನ್ನು ರೆವಿಟ್ 2024ರಲ್ಲಿ ಪೂರ್ತಿ ಬದಲಿಸಲಾಯಿತು, ಮೆಟ್ಟಿಲು ಮತ್ತು ಕಟಾಂಜನದ ಸಾಧನಗಳನ್ನು ಆರ್ಕಿಕ್ಯಾಡ್ 2017ರ ತನ್ನ 21ನೆಯ ಆವೃತ್ತಿಯಲ್ಲಿ ಹೊಸದಾಗಿ ಕಟ್ಟಿತು. ಆದರೂ ಹಳೆಯ ಪುಸ್ತಕಗಳನ್ನು ಸಾರಾಸಗಟಾಗಿ ತಳ್ಳಿಹಾಕುವುದು ಸರಿಯಲ್ಲ. ಗೋಡೆ, ಮಟ್ಟ, ಅಚ್ಚು, ನೋಟ ಇವುಗಳ ಸಂಬಂಧವನ್ನು ಆಳವಾಗಿ ಹೇಳುವ ಹತ್ತು ವರ್ಷ ಹಳೆಯ ಪುಸ್ತಕ, ಹೊಸ ಗುಂಡಿಗಳ ಚಿತ್ರಗಳನ್ನಷ್ಟೇ ತುಂಬಿದ ಈ ವರ್ಷದ ಪುಸ್ತಕಕ್ಕಿಂತ ಮೇಲು, ಏಕೆಂದರೆ ಗುಂಡಿ ಎಲ್ಲಿಗೆ ಸರಿಯಿತು ಎಂಬುದನ್ನು ಹುಡುಕಲು ಐದು ನಿಮಿಷ ಸಾಕು.

ಓದುವುದೋ ನೋಡುವುದೋ ಎಂಬ ವಾದ ಅಷ್ಟೇನೂ ಬೆಳೆಸಬೇಕಾದದ್ದಲ್ಲ. ಮೌಸ್ ಎಲ್ಲಿ ಹೋಗುತ್ತದೆ ಎಂಬುದನ್ನು ವಿಡಿಯೊ ಚೆನ್ನಾಗಿ ತೋರಿಸುತ್ತದೆ, ಕೆಲಸದ ನಡುವೆ ಒಂದು ಅಂಶವನ್ನು ಹುಡುಕಿ ತೆಗೆಯಲು ಮುದ್ರಿತ ಪುಟವೇ ಅನುಕೂಲ. ಎರಡೂ ಇದ್ದರೆ ಒಳ್ಳೆಯದು. ವಿಡಿಯೊ ಆರಿಸುವುದಾದರೆ ಮುಂಬೈನ ಐಐಟಿಯಲ್ಲಿ ರೂಪುಗೊಂಡ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯ ಕ್ರಮ ಗಮನಿಸತಕ್ಕದ್ದು. ಮುಕ್ತ ತಂತ್ರಾಂಶಗಳನ್ನು ಕಲಿಸುವ ಆ ಪಾಠಗಳು ಸುಮಾರು ಹತ್ತು ನಿಮಿಷದವು, ಅರ್ಧ ಪರದೆಯಲ್ಲಿ ಪಾಠ, ಇನ್ನರ್ಧದಲ್ಲಿ ತಂತ್ರಾಂಶ ತೆರೆದಿಟ್ಟು ನೋಡಿದ್ದನ್ನು ಆಗಲೇ ಮಾಡುವಂತೆ ರೂಪಿಸಿದವು. ಪರದೆಯ ಚಿತ್ರವನ್ನು ಇಂಗ್ಲಿಷಿನಲ್ಲೇ ಇಟ್ಟು ಧ್ವನಿಯನ್ನು ಮಾತ್ರ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ತರಲಾಗಿದೆ. ಕೆಲಸಕ್ಕೆ ಇಂಗ್ಲಿಷ್ ಆದೇಶಗಳ ಪರಿಚಯ ಬೇಕು, ತಿಳಿಯಲು ತನ್ನ ನುಡಿ ಬೇಕು ಎಂಬ ಎರಡು ಅಗತ್ಯಗಳನ್ನೂ ಅದು ಒಟ್ಟಿಗೆ ಪೂರೈಸುತ್ತದೆ.

ಭಾಷೆಯ ಈ ಪ್ರಶ್ನೆ ಸಣ್ಣದಲ್ಲ. ಕರ್ನಾಟಕದ ಕಚೇರಿಗಳಲ್ಲಿ ದಿನವಿಡೀ ನಕ್ಷೆ ಬರೆಯುವವರಲ್ಲಿ ಐಟಿಐನ ಎರಡು ವರ್ಷದ ಡ್ರಾಫ್ಟ್ಸ್‌ಮನ್ ಸಿವಿಲ್ ತರಬೇತಿ ಅಥವಾ ಡಿಪ್ಲೊಮಾ ಮುಗಿಸಿ, ಕನ್ನಡದಲ್ಲಿ ಶಾಲೆ ಓದಿ ಬಂದವರು ಬಹಳ ಮಂದಿ. ಅವರು ಆಟೊಕ್ಯಾಡನ್ನು ಕಲಿತದ್ದು ಪಕ್ಕದ ಕುರ್ಚಿಯ ಹಿರಿಯರನ್ನು ನೋಡಿ, ಕೈಯಿಂದ ಕೈಗೆ. ಅಮೆರಿಕದ ಉಚ್ಚಾರಣೆಯಲ್ಲಿ ವೇಗವಾಗಿ ಮಾತನಾಡುವ ವಿಡಿಯೊವನ್ನು ಅವರ ಮುಂದಿಟ್ಟು, ಎರಡು ವಾರದ ಮೇಲೆ ಅವರಿಗೆ ಕಲಿಯುವ ಶಕ್ತಿಯಿಲ್ಲ ಎಂದು ತೀರ್ಮಾನಿಸುವುದು ದೊಡ್ಡ ಅನ್ಯಾಯ. ಸೈಟಿನಲ್ಲಿ ಸ್ಲ್ಯಾಬು ಹಾಕುವ ಮುನ್ನ ಯಾವ ತಪ್ಪು ಆಗಬಹುದು ಎಂಬುದು ಕಚೇರಿಯ ಮುಖ್ಯಸ್ಥನಿಗಿಂತ ಚೆನ್ನಾಗಿ ತಿಳಿದಿರುವುದು ಅವರಿಗೇ, ಮತ್ತು ಮಾದರಿಯ ತಂತ್ರಾಂಶ ಬೇಡುವುದು ಇಂಥ ಕಟ್ಟುವ ಜ್ಞಾನವನ್ನೇ. ಸಾಮಗ್ರಿಯನ್ನು ಆರಿಸುವ ಮಾತುಕತೆಯಲ್ಲಿ ಅವರು ಕುಳಿತಿರಬೇಕು. ಮಾದರಿ ಪಾಠವೊಂದನ್ನು ಅವರೇ ಮಾಡಿ ನೋಡಿ, ಎಲ್ಲಿ ನಿಂತುಹೋಯಿತು ಎಂದು ಹೇಳಬೇಕು.

ಕಟ್ಟಿ ಮುಗಿದ ಮನೆಯೇ ಪಠ್ಯ

ಸಾಮಗ್ರಿ ಎಷ್ಟೇ ಒಳ್ಳೆಯದಿದ್ದರೂ ಅದರಲ್ಲಿರುವ ಮನೆ ಕಲಿಯುವವನದಲ್ಲ. ಅದಕ್ಕಾಗಿ ಕಚೇರಿ ಈಗಾಗಲೇ ಕಟ್ಟಿಸಿ ಮುಗಿಸಿದ, ಎಲ್ಲ ನಕ್ಷೆಗಳೂ ಕೈಯಲ್ಲಿರುವ ಒಂದು ಸಾಧಾರಣ ಮನೆಯನ್ನು ಹೊಸ ತಂತ್ರಾಂಶದಲ್ಲಿ ಪೂರ್ತಿಯಾಗಿ ಮತ್ತೆ ಬರೆಯುವುದನ್ನು ಅಭ್ಯಾಸವಾಗಿ ಇಟ್ಟುಕೊಳ್ಳುವುದು ಉತ್ತಮ ಮಾರ್ಗ. ಹೊಸ ಗ್ರಾಹಕನ ಕೆಲಸದಲ್ಲಿ ಕಲಿಯಲು ಹೊರಟರೆ ಕ್ಯಾರಲ್ ಗುರುತಿಸಿದ ಆತುರ ಅಡ್ಡ ಬರುತ್ತದೆ, ಗಡುವು ಹತ್ತಿರವಾದಂತೆ ಕೈ ಹಳೆಯ ತಂತ್ರಾಂಶಕ್ಕೆ ಮರಳುತ್ತದೆ. ಮುಗಿದ ಮನೆಯಲ್ಲಿ ಗಡುವಿಲ್ಲ, ಸರಿಯಾದ ಉತ್ತರವೂ ಮೊದಲೇ ಗೊತ್ತಿದೆ.

ಮನೆಯ ಮಹಡಿಯ ಎತ್ತರ ಹತ್ತು ಅಡಿ, ಮೆಟ್ಟಿಲಿನ ಒಂದೊಂದು ಏರು ಆರು ಇಂಚು ಎಂದಿಟ್ಟುಕೊಂಡರೆ ಇಪ್ಪತ್ತು ಏರುಗಳು, ನಡುವೆ ಲ್ಯಾಂಡಿಂಗ್ ಇರುವ ಎರಡು ಸಾಲುಗಳಲ್ಲಿ ಹತ್ತು ಹತ್ತು. ಕಲಿಕೆಯ ಎರಡನೆಯ ವಾರದಲ್ಲಿ ಆ ಎತ್ತರವನ್ನು ಹತ್ತೂವರೆ ಅಡಿಗೆ ಏರಿಸಿ ನೋಡುವುದು ಒಳ್ಳೆಯ ಪರೀಕ್ಷೆ. ಮಟ್ಟಕ್ಕೆ ಕಟ್ಟಿದ ಗೋಡೆಗಳು ತಾವಾಗಿ ಏರುತ್ತವೆ. ಕಟ್ಟದೆ ಬರಿಯ ಅಂಕಿಯಿಂದ ಎತ್ತರ ಕೊಟ್ಟಿದ್ದ ಗೋಡೆಗಳು ಆರು ಇಂಚು ಕೆಳಗೇ ನಿಂತು, ಎಲ್ಲಿ ಹಳೆಯ ಅಭ್ಯಾಸ ಕೈಕೊಟ್ಟಿತು ಎಂಬುದನ್ನು ಸೆಕ್ಷನ್‌ನಲ್ಲಿ ಬಯಲು ಮಾಡುತ್ತವೆ. ಮೆಟ್ಟಿಲಿನ ಮಾತು ಬೇರೆ. ಆರು ಇಂಚಿನ ಏರನ್ನೇ ಉಳಿಸಬೇಕಾದರೆ ಇಪ್ಪತ್ತೊಂದು ಏರು ಬೇಕು, ಒಂದು ಸಾಲು ಹತ್ತು ಇಂಚಿನ ಒಂದು ಹಾಸಿನಷ್ಟು ಉದ್ದವಾಗುತ್ತದೆ, ಮೂವತ್ತು ನಲವತ್ತರ ಸೈಟಿನಲ್ಲಿ ಆ ಹತ್ತು ಇಂಚು ಸ್ನಾನದ ಕೋಣೆಯ ಬಾಗಿಲಿನಿಂದ ಬರಬೇಕಾಗಬಹುದು. ಇಪ್ಪತ್ತನ್ನೇ ಉಳಿಸಿದರೆ ಏರು 6.3 ಇಂಚು, ಅಂದರೆ 160 ಮಿಲಿಮೀಟರ್, ಮನೆಗಳಿಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಒಪ್ಪುವ 190 ಮಿಲಿಮೀಟರಿನ ಒಳಗೇ ಇರುತ್ತದೆ. ತಂತ್ರಾಂಶ ಇವೆರಡರಲ್ಲಿ ಯಾವುದನ್ನು ಹಿಡಿಯುತ್ತದೆ ಎಂಬುದು ಮೆಟ್ಟಿಲಿಗೆ ಬಳಕೆದಾರ ಮೊದಲೇ ಕೊಟ್ಟ ನಿಯಮಗಳನ್ನು ಅವಲಂಬಿಸಿದೆ, ಮತ್ತು ಆ ನಿಯಮಗಳನ್ನು ಕೊಡುವುದು ಹೇಗೆಂದು ಆರಿಸಿದ ಪುಸ್ತಕ ಹೇಳುತ್ತದೆಯೇ ಇಲ್ಲವೇ ಎಂಬುದು ಆ ದಿನ ಖಚಿತವಾಗಿ ತಿಳಿದುಬರುತ್ತದೆ.

ಮನೆ ಪೂರ್ತಿಯಾದ ಮೇಲೆ ಹೊಸ ತಂತ್ರಾಂಶದಿಂದ ತೆಗೆದ ಪ್ಲಾನು, ಸೆಕ್ಷನ್ನುಗಳನ್ನು ಹಳೆಯ ನಕ್ಷೆಯ ಅದೇ ಅಳತೆಯಲ್ಲಿ ಮುದ್ರಿಸಿ, ಎರಡು ಹಾಳೆಗಳನ್ನೂ ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದರೆ ಗೆರೆಗಳು ಎಲ್ಲಿ ಕೂಡುವುದಿಲ್ಲವೋ ಅಲ್ಲಿ ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಬಹುದು. ಕೆಲವು ಸುತ್ತುಗಳು ಹೊಸ ತಂತ್ರಾಂಶದಲ್ಲಿ ಆದ ತಪ್ಪುಗಳಾಗಿರುತ್ತವೆ, ಕೆಲವು ಹಳೆಯ ನಕ್ಷೆಯಲ್ಲೇ ಇದ್ದು ಮೇಸ್ತ್ರಿ ಸೈಟಿನಲ್ಲಿ ಸದ್ದಿಲ್ಲದೆ ಸರಿಪಡಿಸಿದ್ದ ತಪ್ಪುಗಳಾಗಿರುತ್ತವೆ. ಎರಡನ್ನೂ ಬೇರೆ ಬೇರೆಯಾಗಿ ಒಂದು ರಿಜಿಸ್ಟರಿನಲ್ಲಿ ಕನ್ನಡದಲ್ಲಿ ಬರೆದಿಟ್ಟು, ಪ್ರತಿಯೊಂದರ ಎದುರು ಅದನ್ನು ಬಿಡಿಸಿದ ಪಾಠದ ಪುಟಸಂಖ್ಯೆಯನ್ನೋ ವಿಡಿಯೊದ ನಿಮಿಷವನ್ನೋ ಗುರುತು ಹಾಕಿದರೆ, ಮುಂದಿನ ತಿಂಗಳು ಕೆಲಸಕ್ಕೆ ಸೇರುವ ಹುಡುಗ ಮೊದಲ ದಿನ ತೆರೆಯಬೇಕಾದ ಪುಸ್ತಕ ಆ ರಿಜಿಸ್ಟರೇ ಆಗುತ್ತದೆ.